ಉಡಿ ತುಂಬಿದ ಮರುದಿನ

ಬ್ಯಾಡಗಿ
೨೫ ಆಗಸ್ಟ್ ೨೦೦೩

ಹೊನ್ನಿ,

ನೀನು ಹಾವೇರಿ ಮುಟ್ಟಿ ಸೊಸೆ ಮಾಡಿಕೊಟ್ಟ ಚಹಾ ಕುಡಿಯುತ್ತ ಕೂತಿರುವೆ ಎಂದು ತಿಳಿದು ಬರೆಯುತ್ತಿದ್ದೇನೆ. ಮೂರು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೇ ಕ್ಷೇಮಸಮಾಚಾರ ಕೇಳುತ್ತಿಲ್ಲ.

ಎಂಟು ದಿನ ಇದ್ದು ಹೋಗುತ್ತೇನೆ ಎಂದು ಬಂದವಳು ನಲವತ್ತು ದಿನ ಇದ್ದೆ. ಆ ಬಗ್ಗೆ ನಾನು ಯಾವತ್ತಾದರೂ ಒಂದು ಮಾತು ಆಡಿದೆನೇ? ನಲವತ್ತು ದಿನ ಇದ್ದವಳು ಶನಿವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಹಾಸಿಗೆ ಸುತ್ತಿಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಏಳೂವರಿ ಬಸ್ಸಿಗೆ ಹೋಗ್ತೇನಿ ನಿಮ್ಮೀ" ಎಂದೆ. "ಯಾಕ, ಏನಾತು?" ಎಂದರೆ "ಏನಿಲ್ಲ, ಸಾಕಾತು" ಎಂದೆ. ಯಾರಿಗೆ ಸಾಕಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ. ನಮ್ಮ ಮನೆಯವರು ಅಂಗಡಿಗೆ ಹೊರಟವರು ನಿಂತು, "ಅಕ್ಕೋರು ನಾಷ್ಟಾನೂ ಮಾಡದ ಹೋದ್ರಲ್ಲ, ನೀ ಏನರ ಅಂದೇನು?" ಎಂದು ನನ್ನನ್ನೇ ಕೇಳಿದರು. ಏನೂ ಅನ್ನದೆ ಅನ್ನಿಸಿಕೊಂಡವಳು ನಾನು.

ಹಿಂದಿನ ಸಂಜೆ ನಾವಿಬ್ಬರೂ ಎಷ್ಟು ಚೆನ್ನಾಗಿದ್ದೆವು. ಶ್ರಾವಣದ ಕೊನೆಯ ಶುಕ್ರವಾರ ಎಂದು ದೇವರ ಮುಂದೆ ಮಣೆ ಹಾಕಿ, ನಿನ್ನನ್ನು ಕೂಡಿಸಿ ಉಡಿ ತುಂಬಿದೆ. ನಿಮ್ಮ ಯಜಮಾನರು ಹೋದ ಮೇಲೆ ಹನ್ನೊಂದು ವರ್ಷ ನಿನಗೆ ಯಾರೂ ಉಡಿ ತುಂಬಿಲ್ಲ ಎಂದು ನನಗೆ ಗೊತ್ತು. ಗಂಡನಿಲ್ಲದವಳಿಗೆ ತುಂಬಬಾರದು ಎನ್ನುವವರಿಗೆ ಹೆದರಿ ನಾನೂ ತುಂಬಿರಲಿಲ್ಲ. ನಮ್ಮ ಅತ್ತೆ ಭರಮವ್ವ ಇರುವ ತನಕ ಅವರ ಕಣ್ಣಮುಂದೆ ಅಂಥದ್ದು ಮಾಡುವ ಧೈರ್ಯ ನನಗಿರಲಿಲ್ಲ. ಈ ವರ್ಷ ಮನಸ್ಸು ಗಟ್ಟಿ ಮಾಡಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಕುಪ್ಪಸದ ಕಣ ಎಲ್ಲ ತಂದು ನಿನ್ನ ಸೆರಗಿಗೆ ಹಾಕಿದೆ. ನೀನು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತೆ ಎಂದು ತಿಳಿದು ನಾನೂ ಅತ್ತೆ. ಮರುದಿನ ಹೀಗೆ ಎದ್ದು ಹೋಗುವವಳು ಯಾಕೆ ಅತ್ತೆ ಎಂದು ಈಗ ಕೇಳುತ್ತಿದ್ದೇನೆ.

ನಮ್ಮ ಫೋನು ಪಡಸಾಲೆಯ ನಡುವೆ ಇದೆ, ನಿಮ್ಮ ಮನೆಯಲ್ಲಿ ಫೋನೇ ಇಲ್ಲ. ಅದಕ್ಕೇ ಕಾಗದ. ಉತ್ತರ ಬರೆ. ಬರೆಯದಿದ್ದರೆ ನಾನೇ ಬರುತ್ತೇನೆ, ಬಂದರೆ ನಿನ್ನ ಹಾಗೆ ನಲವತ್ತು ದಿನ ಕೂಡುತ್ತೇನೆ.

ನಿನ್ನ
ನಿಮ್ಮಿ


ಹಾವೇರಿ
೨೯ ಆಗಸ್ಟ್ ೨೦೦೩

ನಿರ್ಮಲಾ ಕಾಕೂ ಅವರಿಗೆ ಮೀನಾಕ್ಷಿಯ ನಮಸ್ಕಾರಗಳು.

ನಾನು ಹೊನ್ನವ್ವ ಟೀಚರ ಸೊಸೆ. ಮೇ ತಿಂಗಳಲ್ಲಿ ನಮ್ಮ ಮದುವೆಯಲ್ಲಿ ನೀವು ನನಗೆ ಸೀರೆ ಕೊಟ್ಟಿದ್ದಿರಿ. ನೀವು ಅತ್ತೆಯವರ ಹೆಸರಿಗೆ ಬರೆದ ಕಾಗದ ಬಂತು. ಮನೆಯಲ್ಲಿ ಅವರಿಲ್ಲ, ಅವರ ವಿಷಯವೇ ಏನಾದರೂ ಇರಬಹುದು ಎಂದು ಒಡೆದು ಓದಿದೆ. ತಪ್ಪಾಗಿದ್ದರೆ ಕ್ಷಮಿಸಬೇಕು.

ಅತ್ತೆಯವರು ಹಾವೇರಿಗೆ ಬಂದಿಲ್ಲ. ಗುತ್ತಲದಿಂದ ಒಂದು ಕಾರ್ಡ್ ಬರೆದಿದ್ದಾರೆ. ನಿಮ್ಮ ಆಪರೇಶನ್ ಗಾಯ ಪೂರ್ತಿ ಮಾಗಿದೆಯಂತೆ, ಇನ್ನು ಅಲ್ಲಿ ತಮ್ಮ ಕೆಲಸವಿಲ್ಲ, ಅದಕ್ಕೆ ತಮ್ಮ ಜೊತೆ ಕಲಿಸುತ್ತಿದ್ದ ಮಹಮೂದಾಬೇಗಂ ಟೀಚರ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತಾರಂತೆ. ಜುಲೈಯಲ್ಲಿ ಹೋಗುವಾಗ ಅವರು ನಮಗೆ ಹೇಳಿದ್ದು, ನಿಮ್ಮ ಗರ್ಭಕೋಶ ತೆಗೆಯುತ್ತಾರೆ, ನೋಡಿಕೊಳ್ಳಲು ಯಾರೂ ಇಲ್ಲ, ಮೂರು ತಿಂಗಳಾದರೂ ಬೇಕು ಎಂದು. ನಿಮ್ಮ ಕಾಗದದಲ್ಲಿ ಆಪರೇಶನ್ನಿನ ಸುದ್ದಿಯೇ ಇಲ್ಲ. ಎಂಟು ದಿನ ಎಂದು ಬಂದಿದ್ದರು ಎಂದು ಬರೆದಿದ್ದೀರಿ.

ಇವರಿಗೆ ನಾನು ಇದನ್ನು ತೋರಿಸಿಲ್ಲ. ಇವರು ದಿನಾ ರಾಣೇಬೆನ್ನೂರಿಗೆ ಬೀಜದ ಕಂಪನಿಯ ಕೆಲಸಕ್ಕೆ ಹೋಗಿ ಬಂದು ದಣಿದಿರುತ್ತಾರೆ. ತಾಯಿ ಸುಳ್ಳು ಹೇಳಿ ಹೋದಳು ಎಂದು ಗೊತ್ತಾದರೆ ತಡೆದುಕೊಳ್ಳಲಾರರು. ಕಾಕೂ, ಅವರು ನಮ್ಮ ಮನೆ ಬಿಟ್ಟು ಯಾಕೆ ಹೋದರು? ನನ್ನಿಂದ ಏನಾದರೂ ತಪ್ಪಾಯಿತು ಎಂದು ನಿಮ್ಮ ಹತ್ತಿರ ಹೇಳಿದ್ದರೆ ಮುಚ್ಚಿಡಬೇಡಿ. ಗುತ್ತಲದ ವಿಳಾಸ ಹಿಂದೆ ಬರೆದಿದ್ದೇನೆ.

ಇಂತಿ
ಮೀನಾಕ್ಷಿ ಚನ್ನೇಶ


ಬ್ಯಾಡಗಿ
೨ ಸೆಪ್ಟೆಂಬರ್ ೨೦೦೩

ಹೊನ್ನಿ,

ನನ್ನ ಗರ್ಭಕೋಶ ತೆಗೆಸಿದೆಯಂತೆ. ಕೇಳಿ ಸಂತೋಷವಾಯಿತು. ನನಗೂ ಒಂದು ಮಾತು ಮೊದಲೇ ಹೇಳಿದ್ದರೆ ನಲವತ್ತು ದಿನ ಮಲಗಿಕೊಂಡು ನಿನ್ನ ಕೈಯಿಂದ ಗಂಜಿ ಕುಡಿಯುತ್ತಿದ್ದೆ.

ನಿನ್ನ ಸೊಸೆ ಬರೆದಿದ್ದಾಳೆ. ಹುಡುಗಿ ಬಹಳ ಮರ್ಯಾದೆಯಿಂದ ಬರೆದಿದ್ದಾಳೆ, ಆದರೆ ಗಾಬರಿಯಾಗಿದ್ದಾಳೆ. ನನ್ನ ಮನೆಯಿಂದ ಎದ್ದವಳು ನಿನ್ನ ಮನೆಗೆ ಹೋಗದೆ ಗುತ್ತಲಕ್ಕೆ ಯಾಕೆ ಹೋದೆ? ಮಗನಿಗೆ ಒಂದು ಸುಳ್ಳು, ನನಗೆ ಒಂದು ಸುಳ್ಳು. ಮೂವತ್ತಾರು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಹೇಳಿದವಳು ನೀನು.

ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಊಟದಲ್ಲಿ ಹುಳ ಬಿದ್ದದ್ದನ್ನೂ ನನಗೆ ಹೇಳದೆ ನುಂಗುತ್ತಿದ್ದವಳು ನೀನು. ಈಗ ನನಗೆ ಐವತ್ತೇಳು ವರ್ಷ. ನಿನ್ನ ಮುಖ ನೋಡಿ ಊಹಿಸುತ್ತ ಕೂಡುವ ಶಕ್ತಿ ಇಲ್ಲ. ಎರಡನ್ನೂ ಬರೆ. ನಿನ್ನ ಮನೆ ಯಾಕೆ ಬಿಟ್ಟೆ, ನಮ್ಮ ಮನೆ ಯಾಕೆ ಬಿಟ್ಟೆ.

ನಿಮ್ಮಿ


ಗುತ್ತಲ
೯ ಸೆಪ್ಟೆಂಬರ್ ೨೦೦೩

ಪ್ರಿಯ ನಿಮ್ಮೀ,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಬರೆಯುತ್ತೇನೆ, ಅದು ಸುಲಭ.

ಪಂಚಮಿ ಮುಗಿದ ವಾರ ನಾವಿಬ್ಬರೂ ಶೇಂಗಾ ಸುಲಿಯುತ್ತ ಕೂತಾಗ ನೀನೇ ಹೇಳಿದ ಕಥೆ ಮರೆತೆಯಾ? ನಿನ್ನ ನಾದಿನಿ ಪಂಚಮಿಗೆ ತವರಿಗೆಂದು ಬಂದವಳು ಗಣಪತಿ ಬಂದರೂ ಏಳಲಿಲ್ಲ. ನಿಮ್ಮ ಅತ್ತೆ ಒಂದು ಮಾತು ಆಡಲಿಲ್ಲ. ಒಂದು ಶುಕ್ರವಾರ ಮೊರದಲ್ಲಿ ಅಕ್ಕಿ ತಂದು, "ಬಾ ಯವ್ವಾ, ಉಡಿ ತುಂಬತೇನಿ" ಎಂದರು. ತುಂಬಿದ ಉಡಿಯನ್ನು ಅದೇ ಮನೆಯಲ್ಲಿ ಬಿಚ್ಚಬಾರದು, ತನ್ನ ಮನೆಗೆ ಹೋಗಿ ದೇವರ ಮುಂದೆ ಬಿಚ್ಚಬೇಕು ಎಂಬುದು ನಿಮ್ಮ ಮನೆಯ ಪದ್ಧತಿ. ಮರುದಿನ ಬೆಳಿಗ್ಗೆ ಅವಳು ಬಸ್ಸಿನಲ್ಲಿದ್ದಳು. ನೀನು ಇದನ್ನು ಹೇಳಿ ಎಷ್ಟು ನಕ್ಕೆ ಎಂದರೆ ಶೇಂಗಾ ಚೆಲ್ಲಿದವು. "ನಮ್ಮ ಮನ್ಯಾಗ ಹೋಗು ಅಂತ ಯಾರಿಗೂ ಅನ್ನೂದಿಲ್ಲವಾ, ಉಡಿ ತುಂಬಿ ಬಿಡ್ತೇವಿ" ಎಂದೆ.

ಆ ಮೇಲೆ ಹದಿನೈದು ದಿನಕ್ಕೆ ನನ್ನ ಮುಂದೆ ಅಕ್ಕಿಯ ಮೊರ ತಂದಿಟ್ಟೆ. ನಾನು ಏನು ತಿಳಿಯಬೇಕು? ನನಗೆ ಸಿಟ್ಟು ಬರಲಿಲ್ಲ. ನಲವತ್ತು ದಿನ ಬಹಳವಾಯಿತು ಎಂದು ನನಗೇ ಗೊತ್ತಿತ್ತು. ಇಷ್ಟು ಮರ್ಯಾದೆಯಿಂದ ಕಳಿಸುತ್ತಾಳಲ್ಲ, ಗಂಡನಿಲ್ಲದವಳಿಗೆ ಇದಕ್ಕಾಗಿಯಾದರೂ ಉಡಿ ತುಂಬಿದಳಲ್ಲ ಎಂದು ಅಳು ಬಂತು. ನಾನು ಅತ್ತದ್ದು ಅದಕ್ಕೆ.

ಈಗ ಮೊದಲನೆಯದು. ಮೇ ತಿಂಗಳಲ್ಲಿ ಚನ್ನೇಶನ ಮದುವೆಯಾಯಿತು, ಅದೇ ತಿಂಗಳ ಕೊನೆಗೆ ನನ್ನ ನೌಕರಿ ಮುಗಿಯಿತು. ಬಾಡಿಗೆ ಮನೆ, ಎರಡೇ ಕೋಣೆ. ಅಷ್ಟು ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಬರುತ್ತಿದ್ದವಳು ಇಡೀ ದಿನ ಆ ಎರಡು ಕೋಣೆಯಲ್ಲಿ ಉಳಿದೆ. ನಾನು ಒಳಗೆ ಬಂದರೆ ಮೀನಾಕ್ಷಿ ಎದ್ದು ನಿಲ್ಲುತ್ತಿದ್ದಳು. "ಕುಂದ್ರವಾ" ಎಂದರೆ ಕೂಡುತ್ತಿದ್ದಳು, ಕುರ್ಚಿಯ ತುದಿಗೆ. ಗಂಡ ಹೆಂಡತಿ ಪಿಸುಮಾತು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಜುಲೈ ಮೊದಲ ವಾರ ಕಾಯಿಪಲ್ಲೆ ತರಲು ಸಂತೆಗೆ ಹೋದಾಗ ಮಳೆ ಬಂತು. ಬಸ್ ಸ್ಟ್ಯಾಂಡಿನ ಮಾಡಿನ ಕೆಳಗೆ ನಿಂತೆ. ಅಲ್ಲಿ ಒಂದು ಬೆಂಚಿನ ಮೇಲೆ ನನ್ನ ಮಗ, ಸೊಸೆ ಕೂತಿದ್ದರು. ಅವನು ಆಗ ತಾನೆ ರಾಣೇಬೆನ್ನೂರ ಬಸ್ಸಿನಿಂದ ಇಳಿದಿರಬೇಕು. ಕಾಗದದ ಪೊಟ್ಟಣದಲ್ಲಿ ಗಿರಮಿಟ್ ಹಿಡಿದುಕೊಂಡು ಇಬ್ಬರೂ ತಿನ್ನುತ್ತಿದ್ದರು. ಅವನು ಏನೋ ಹೇಳಿದ, ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಸೆರಗು ಜಾರಿದರೂ ನಗುತ್ತಲೇ ಇದ್ದಳು. ನಿಮ್ಮೀ, ಎರಡು ತಿಂಗಳಲ್ಲಿ ಆ ಹುಡುಗಿಯ ನಗುವಿನ ಧ್ವನಿ ನನಗೆ ಮೊದಲ ಸಲ ಕೇಳಿಸಿತು. ಮನೆಯಲ್ಲಿ ನಗಲು ಜಾಗವಿಲ್ಲದೆ ಇಲ್ಲಿ ಬಂದು ನಗುತ್ತಾರೆ ಎಂದು ಗೊತ್ತಾಯಿತು. ನಾನು ಮಾತಾಡಿಸದೆ ಮಳೆಯಲ್ಲೇ ಮನೆಗೆ ಹೋದೆ.

ಅವರಿಗೆ ಮನೆ ಬಿಟ್ಟುಕೊಡಬೇಕು ಎನ್ನಿಸಿತು. ನಿಮ್ಮಿಬ್ಬರಿಗಾಗಿ ಹೋಗುತ್ತೇನೆ ಎಂದು ಮಗನಿಗೆ ಹೇಳಿದರೆ ಅವನು ಬಿಡುವುದಿಲ್ಲ, ಅದಕ್ಕೆ ನಿನಗೆ ಆಪರೇಶನ್ ಮಾಡಿಸಿದೆ. ನಿನಗೆ ಎಂಟು ದಿನ ಎಂದೆ. ಲೆಕ್ಕ ಹಾಕಿಕೊಂಡು ಬಂದದ್ದು ದಸರೆ ಮುಗಿಯುವ ತನಕ. ನೀನು ಉಡಿ ತುಂಬಿದ ಮೇಲೆ ಅದನ್ನು ಬಿಚ್ಚಲು ನನಗೆ ಮನೆ ಎಲ್ಲಿತ್ತು? ಗುತ್ತಲಕ್ಕೆ ಬಂದೆ. ಮಹಮೂದಾ ಏನೂ ಕೇಳಲಿಲ್ಲ. ನನ್ನ ಸೆರಗಿನ ಗಂಟು ನೋಡಿ, "ಅಕ್ಕಿ ತಂದೀಯೇನ? ಛಲೋ ಆತು, ನಮ್ಮಲ್ಲಿ ಮುಗದಿತ್ತು" ಎಂದು ಅದರಲ್ಲೇ ಅನ್ನ ಮಾಡಿದಳು. ಅವಳ ಮನೆಯಲ್ಲಿ ಅಕ್ಕಿ ಮುಗಿದಿರಲಿಲ್ಲ.

ಹಾವೇರಿಗೆ ಇದನ್ನೆಲ್ಲ ತಿಳಿಸಬೇಡ. ಆಣೆ ಇಟ್ಟಿದ್ದೇನೆ ಎಂದು ತಿಳಿ.

ನಿನ್ನ
ಹೊನ್ನವ್ವ


ಬ್ಯಾಡಗಿ
೧೫ ಸೆಪ್ಟೆಂಬರ್ ೨೦೦೩

ಹೊನ್ನಿ,

ನಿನ್ನ ಕಾಗದ ಓದಿ ಹಣೆ ಹಣೆ ಬಡಿದುಕೊಂಡೆ. ಆ ಕಥೆ ಹೇಳಿದ್ದು ನೆನಪೇ ಇರಲಿಲ್ಲ. ನನ್ನ ಬಾಯಿಗೆ ಬೀಗ ಇಲ್ಲ ಎಂದು ಭರಮವ್ವ ಬೈಯುತ್ತಿದ್ದರು, ಸರಿಯಾಗೇ ಬೈಯುತ್ತಿದ್ದರು. ನಾನು ನಿನಗೆ ಉಡಿ ತುಂಬಿದ್ದು ಪ್ರೀತಿಯಿಂದ. ದೇವರ ಮುಂದೆ ಹೇಳುತ್ತೇನೆ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟಿದ್ದೆ. ಎರಡು ದಿನ ಬಿಟ್ಟು ಮತ್ತೆ ತೆಗೆದಿದ್ದೇನೆ, ಯಾಕೆಂದರೆ ಪೂರ್ತಿ ಬರೆಯದಿದ್ದರೆ ನಾನೂ ನಿನ್ನ ಹಾಗೆ ಸುಳ್ಳಿ ಆಗುತ್ತೇನೆ. ಕೊನೆಯ ಎರಡು ವಾರ ನನಗೆ ನಿನ್ನಿಂದ ಬೇಸರವಾಗಿತ್ತು. ನೀನು ಬೆಳಿಗ್ಗೆ ನನಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದೆ. ಜೀರಿಗೆ ಡಬ್ಬಿಯನ್ನು ಸಾಸಿವೆಯ ಪಕ್ಕಕ್ಕೆ ಇಟ್ಟು, "ಇಲ್ಲಿ ಇದ್ರ ಕೈಗೆ ಸಿಗತೈತಿ ನೋಡು" ಎಂದೆ. ಮೂವತ್ತು ವರ್ಷದಿಂದ ಅದು ಇದ್ದಲ್ಲಿ ನನ್ನ ಕೈಗೆ ಸಿಗುತ್ತಿತ್ತು. ನಮ್ಮ ಮನೆಯವರಂತೂ ನೀನಿದ್ದಷ್ಟು ದಿನ ಪಡಸಾಲೆಯಲ್ಲಿ ಅಂಗಿ ಕಳೆದು ಕೂತವರಲ್ಲ. ಮಧ್ಯಾಹ್ನ ಊಟಕ್ಕೆ ಬಂದು ಮಲಗುವವರು ಅಂಗಡಿಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಮಲಗಿ, ಸೀನುತ್ತ ಬರುತ್ತಿದ್ದರು. ಒಂದು ದಿನ ಮೆಲ್ಲಗೆ, "ಅಕ್ಕೋರು ಗಣಪತಿ ಹಬ್ಬಕ್ಕ ಊರಿಗೆ ಹೋಗ್ತಾರೇನು?" ಎಂದು ಕೇಳಿದರು. ನಾನು ಅವರ ಮೇಲೆ ರೇಗಿದೆ. ರೇಗಿದ್ದು ಯಾಕೆಂದರೆ ಅದೇ ಪ್ರಶ್ನೆ ನನ್ನಲ್ಲೂ ಇತ್ತು.

ಈಗ ಹೇಳು. ಆ ಶುಕ್ರವಾರ ಮೊರ ಹಿಡಿದು ಬಂದಾಗ ನನ್ನೊಳಗೆ ನಮ್ಮ ಅತ್ತೆ ಸ್ವಲ್ಪವೂ ಇರಲಿಲ್ಲವೇ? ಇರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೆ ನೂರಕ್ಕೆ ನೂರು ಎನ್ನಲಾರೆ, ಅದೇ ನನ್ನನ್ನು ಕೊರೆಯುತ್ತಿದೆ. ನೀನು ಹೋದ ದಿನ ಜೀರಿಗೆ ಡಬ್ಬಿಯನ್ನು ಮೊದಲಿನ ಜಾಗಕ್ಕೆ ಇಟ್ಟೆ. ಇಟ್ಟು ಅಲ್ಲೇ ನಿಂತು ಅತ್ತೆ.

ಒಂದು ಮಾತು ನಿನಗೂ ಹೇಳಬೇಕು. ದಸರೆ ತನಕ ಇರುತ್ತೇನೆ ಎಂದು ಮೊದಲೇ ಹೇಳಿದ್ದರೆ ದಸರೆ ತನಕ ನನಗೆ ಬೇಸರವಾಗುತ್ತಿರಲಿಲ್ಲ. ಎಂಟು ದಿನ ಎಂದೆಯಲ್ಲ, ಒಂಬತ್ತನೆಯ ದಿನದಿಂದ ನಾನು ದಿನ ಎಣಿಸತೊಡಗಿದೆ. ಅದರಲ್ಲಿ ನಿನ್ನ ತಪ್ಪೂ ಇದೆ. ಬೈಯಬೇಕೆನಿಸಿದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ನಿಮ್ಮಿ


ಗುತ್ತಲ
೧೨ ಅಕ್ಟೋಬರ್ ೨೦೦೩

ಪ್ರಿಯ ನಿಮ್ಮೀ,

ತಿಂಗಳು ಸುಮ್ಮನಿದ್ದೆ. ನಿನ್ನ ಮೇಲೆ ಸಿಟ್ಟಲ್ಲ. ಜೀರಿಗೆ ಡಬ್ಬಿಯ ಸಾಲು ಓದಿ ನಾಚಿಕೆಯಾಗಿತ್ತು, ಆಮೇಲೆ ಮೆಣಸಿನಕಾಯಿ ಚೀಲದ ಸಾಲಿಗೆ ನಗು ಬಂತು. ನಿಮ್ಮವರಿಗೆ ನನ್ನ ಪರವಾಗಿ ಕ್ಷಮೆ ಕೇಳು. ನೀನು ನಿಜ ಬರೆದದ್ದಕ್ಕೆ ನನ್ನ ಮನಸ್ಸು ಹಗುರವಾಗಿದೆ. ಪೂರ್ತಿ ಪ್ರೀತಿ ಎಂದಷ್ಟೇ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಇಲ್ಲಿಂದಲೂ ಏಳುವ ಹೊತ್ತು ಬಂದಿದೆ. ಮಹಮೂದಾಳ ಮಗಳು ಬಾಣಂತನಕ್ಕೆ ಬರುತ್ತಾಳೆ. "ನೀ ಇದ್ರ ನನಗೂ ಒಂದ ಕೈ ಆಗತೈತಿ, ಇರು" ಎನ್ನುತ್ತಾಳೆ. ಆದರೆ ಮನೆಯಲ್ಲಿ ಇರುವುದು ಒಂದೇ ಮಂಚ, ಅದರ ಮೇಲೆ ನಾನು ಮಲಗುತ್ತಿದ್ದೇನೆ. ಈ ಸಲ ಯಾರೂ ಏನೂ ಮಾಡುವ ಮೊದಲೇ ಎದ್ದುಬಿಡುತ್ತೇನೆ.

ರಾಣೇಬೆನ್ನೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿ ಫಕ್ಕೀರೇಶ ಮನೆ ಕಟ್ಟಿಸಿದ್ದಾನೆ. ಹಿಂದಿನ ಕೋಣೆ ಖಾಲಿ ಇದೆ, ಬಾಡಿಗೆಗೆ ಕೊಡುತ್ತಾನೆ. ದೀಪಾವಳಿ ಮುಗಿದ ಕೂಡಲೇ ಅಲ್ಲಿಗೆ ಹೋಗುತ್ತೇನೆ. ಚನ್ನೇಶ ದಿನಾ ಆ ಊರಿಗೆ ಬರುವವನೇ, ಬೇಕೆನಿಸಿದಾಗ ಬಂದು ಹೋಗಬಹುದು. ಒಂದು ಒಲೆ, ಒಂದು ಹಾಸಿಗೆ, ಎರಡು ಪಾತ್ರೆ ಸಾಕು. ಅಲ್ಲಿ ನಾನು ಯಾರ ಮನೆಗೂ ಬಂದವಳಲ್ಲ, ಯಾರ ಮುಖವನ್ನೂ ನೋಡುತ್ತ ದಿನ ಎಣಿಸಬೇಕಾಗಿಲ್ಲ. ಯೋಚನೆ ಮಾಡಿ ನೋಡಿದರೆ ಸರಿ ಎನ್ನಿಸುತ್ತದೆ. ಯೋಚನೆ ಮಾಡದೆ ಸುಮ್ಮನೆ ಕೂತಾಗ ಮಾತ್ರ ಭಯವಾಗುತ್ತದೆ.

ಮಗನಿಗೆ ಹೋದ ಮೇಲೆ ತಿಳಿಸುತ್ತೇನೆ. ನೀನು ತಿಳಿಸಬೇಡ.

ಹೊನ್ನವ್ವ


ಬ್ಯಾಡಗಿ
೧೬ ಅಕ್ಟೋಬರ್ ೨೦೦೩

ಚಿರಂಜೀವಿ ಮೀನಾಕ್ಷಿಗೆ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ನಾನು ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕಾರಣ, ನಿನ್ನ ಅತ್ತೆ ನನ್ನ ಮೇಲೆ ಇಟ್ಟ ಆಣೆ. ಇವತ್ತು ಅದನ್ನು ಮುರಿಯುತ್ತಿದ್ದೇನೆ. ಅವಳು ನನಗೆ ಬರೆದ ಎರಡೂ ಕಾಗದ ಇದರ ಜೊತೆ ಇಟ್ಟಿದ್ದೇನೆ. ಗಂಡನಿಗೆ ತೋರಿಸುವುದು ಬಿಡುವುದು ನಿನಗೆ ಸೇರಿದ್ದು.

ನಾನು ಬುದ್ಧಿ ಹೇಳುವುದಿಲ್ಲ. ಒಮ್ಮೆ ಗೊತ್ತಿಲ್ಲದೆ ಅವಳನ್ನು ಮನೆಯಿಂದ ಎಬ್ಬಿಸಿದ್ದೇನೆ. ಈಗ ಗೊತ್ತಿದ್ದೂ ಸುಮ್ಮನಿದ್ದರೆ ಇನ್ನೊಮ್ಮೆ ಎಬ್ಬಿಸಿದ ಹಾಗೆ ಆಗುತ್ತದೆ. ನಿನಗೆ ಅವಳು ಮನೆಯಲ್ಲಿ ಇರುವುದು ಕಷ್ಟವಾಗಿದ್ದರೆ ಅದನ್ನೂ ನಾಚಿಕೆ ಪಡದೆ ಅವಳಿಗೇ ಬರೆ. ನಿಜ ಹೇಳಿದರೆ ಅವಳು ತಡೆದುಕೊಳ್ಳುತ್ತಾಳೆ, ನಾನು ನೋಡಿದ್ದೇನೆ.

ನಿರ್ಮಲಾ ಕಾಕು


ಹಾವೇರಿ
೧೯ ಅಕ್ಟೋಬರ್ ೨೦೦೩

ಅತ್ತೆಯವರಿಗೆ ಮೀನಾಕ್ಷಿಯ ನಮಸ್ಕಾರಗಳು.

ನೀವು ಕಾಕೂಗೆ ಬರೆದ ಕಾಗದಗಳನ್ನು ನಾನು ಓದಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡಿ. ನಿಮ್ಮ ಹಾಗೆ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ತವರಿನಲ್ಲಿ ಏಳನೆಯ ಇಯತ್ತೆಗಿಂತ ಮುಂದೆ ಓದಿದವಳು ನಾನೊಬ್ಬಳೇ. ಟೀಚರ ಮನೆಗೆ ಸೊಸೆಯಾಗಿ ಹೋಗುತ್ತೀಯ, ಎಚ್ಚರದಿಂದ ಇರು ಎಂದು ಎಲ್ಲರೂ ಹೇಳಿ ಕಳಿಸಿದರು. ನಿಮ್ಮ ಮನೆಯಲ್ಲಿ ಪ್ರತಿ ಡಬ್ಬಿಗೂ ಚೀಟಿ. ಪುಸ್ತಕಗಳೆಲ್ಲ ಎತ್ತರದ ಪ್ರಕಾರ. ಇದನ್ನು ಎಲ್ಲಿ ಇಡಲಿ ಎಂದು ನಾನು ಕೇಳಿದರೆ, "ನಿನಗ ಎಲ್ಲಿ ಬೇಕೋ ಅಲ್ಲಿ ಇಡವಾ, ನಿನ್ನ ಮನಿ" ಎನ್ನುತ್ತಿದ್ದಿರಿ. ನಾನು ಇಟ್ಟರೆ ಸಂಜೆಯೊಳಗೆ ಅದು ಮೊದಲಿನ ಜಾಗದಲ್ಲೇ ಇರುತ್ತಿತ್ತು. ಒಂದು ಮಾತೂ ಆಡದೆ ಇಡುತ್ತಿದ್ದಿರಿ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬಂದ ಬೀಗರ ಹಾಗೆ ಕುರ್ಚಿಯ ತುದಿಗೆ ಕೂತೆ, ನನ್ನನ್ನು ನೋಡಿ ನೀವೂ ಬೀಗರ ಹಾಗೆ ಇದ್ದಿರಿ. ಬಂದವರಿಗೆ ಬರ್ರಿ, ಕುಂದ್ರಿ ಎನ್ನುವ ಮನೆಯವರು ಯಾರೂ ಇರಲಿಲ್ಲ.

ನೀವು ಹೋದಾಗ ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ. ಹದಿನೈದು ದಿನ ಮನೆಯನ್ನೆಲ್ಲ ಬದಲಿಸಿದೆ. ಆಮೇಲೆ ಅರ್ಧಕ್ಕರ್ಧ ಮತ್ತೆ ನಿಮ್ಮ ಜಾಗಕ್ಕೇ ಇಟ್ಟೆ, ನೀವು ಇಟ್ಟದ್ದೇ ಸರಿ ಇತ್ತು. ಆದರೆ ಅದನ್ನು ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಮಾತು. ನೀವು ಹೋಗಿ ಮೂರು ತಿಂಗಳಾಯಿತು, ಮನೆ ಖಾಲಿ ಇದೆ, ಈಗಲೂ ನಾವು ದಿನಾ ಸಂಜೆ ಅಲ್ಲೇ ಕೂಡುತ್ತೇವೆ. ಇವರು ಬಸ್ಸಿನಿಂದ ಇಳಿದಾಗ ಹಸಿದಿರುತ್ತಾರೆ, ಅಲ್ಲಿ ಗಿರಮಿಟ್ ಬಿಸಿ ಇರುತ್ತದೆ, ಅಷ್ಟೇ. ನಿಮಗೆ ಹೆದರಿ ಹೋದವರಲ್ಲ. ಇವರಿಗೆ ಕಾಗದ ತೋರಿಸಿದೆ. ಊಟ ಬಿಟ್ಟು ಎದ್ದರು. "ಅವ್ವ ನಮ್ಮನ್ನ ನೋಡಿ, ಮಾತಾಡಿಸದ ಮಳ್ಯಾಗ ಹೋದ್ಲೇನು?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದರು.

ಮನೆಯ ಮಾಲಕರಾದ ದುರಗಪ್ಪನವರನ್ನು ಕೇಳಿದ್ದೇವೆ. ಹಿತ್ತಲ ಕಟ್ಟೆಗೆ ಗೋಡೆ ಎತ್ತಿ, ತಗಡು ಹಾಕಿಕೊಳ್ಳಲು ಒಪ್ಪಿದ್ದಾರೆ. ಅದು ನಮ್ಮಿಬ್ಬರ ಕೋಣೆ. ಮುಂದಿನದು ನಿಮ್ಮದು. ರಾಣೇಬೆನ್ನೂರಿನ ಕೋಣೆ ನಿಮಗೇ ಬೇಕು ಎನ್ನಿಸಿದರೆ ಹೋಗಿ, ಇವರೇ ಸಾಮಾನು ಹೊತ್ತು ತರುತ್ತಾರೆ. ಆದರೆ ನಮಗಾಗಿ ಹೋಗುತ್ತೇನೆ ಎಂದು ಮಾತ್ರ ಹೋಗಬೇಡಿ.

ನಿಮ್ಮ ಸೊಸೆ
ಮೀನಾಕ್ಷಿ


ಹಾವೇರಿ
೨೮ ಅಕ್ಟೋಬರ್ ೨೦೦೩

ಪ್ರಿಯ ನಿಮ್ಮೀ,

ಆಣೆ ಮುರಿದವಳೇ, ನಿನ್ನ ಮೇಲೆ ಸಿಟ್ಟಾಗಲು ಎರಡು ದಿನ ಪ್ರಯತ್ನ ಮಾಡಿದೆ, ಆಗಲಿಲ್ಲ. ಸೊಸೆಯ ಕಾಗದ ಬಂದ ದಿನ ಮಹಮೂದಾಳಿಗೆ ಓದಿ ಹೇಳಿದೆ. ಅವಳು ಕೇಳಿ, "ಇನ್ನ ಯಾಕ ಕುಂತೀ? ಏಳು" ಎಂದಳು. ಅಷ್ಟು ಸ್ಪಷ್ಟವಾಗಿ ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.

ನೀರು ತುಂಬುವ ಹಬ್ಬದ ದಿನ ಯಾರಿಗೂ ತಿಳಿಸದೆ ಹಾವೇರಿಗೆ ಬಂದೆ. ಬಸ್ಸಿನಲ್ಲಿ ಬರುವಾಗ ಎಲ್ಲ ಕಲ್ಪನೆ ಮಾಡಿಕೊಂಡಿದ್ದೆ. ಮೀನಾಕ್ಷಿ ಎದ್ದು ನಿಲ್ಲುತ್ತಾಳೆ, ಕಾಲಿಗೆ ನೀರು ಕೊಡುತ್ತಾಳೆ, ಬೆಲ್ಲ ನೀರು ತಂದು "ಬರ್ರಿ ಅತ್ತೀ, ಕುಂದ್ರಿ" ಎನ್ನುತ್ತಾಳೆ. ಹಾಗೆ ಅಂದರೆ ಎಂಟು ದಿನ ಇದ್ದು ರಾಣೇಬೆನ್ನೂರಿಗೆ ಹೋಗುವುದು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ಫಕ್ಕೀರೇಶನಿಗೆ ಇಲ್ಲ ಎಂದು ಹೇಳಿರಲಿಲ್ಲ.

ಅವಳು ನಳದ ಹತ್ತಿರ ಕೊಡ ತುಂಬುತ್ತಿದ್ದಳು. ನನ್ನನ್ನು ನೋಡಿದಳು. ಕೊಡ ಸೊಂಟಕ್ಕೆ ಏರಿಸಿಕೊಂಡು ನೇರ ಬಂದಳು. "ಎಷ್ಟ ದಿನಾ ಆತ್ರೀ ನೀವು ಹೋಗಿ? ನಿಮಗ ಒಂದ ಮನಿ ಐತಿ ಅಂತ ನೆನಪಿತ್ತೇನ್ರೀ?" ಎಂದಳು. ಮೆಲ್ಲಗಲ್ಲ, ಓಣಿಗೆಲ್ಲ ಕೇಳುವ ಹಾಗೆ. "ಆ ಕಾಕೂಗ ಇಲ್ಲದ ಆಪರೇಶನ್ ಮಾಡಿಸಿದ್ರಿ. ನಾವು ಇಲ್ಲಿ ದಿನಾ ದೇವರಿಗೆ ದೀಪ ಹಚ್ಚಿ ಅವರಿಗೆ ಆರಾಮ ಆಗ್ಲಿ ಅಂತ ಬೇಡ್ಕೊಂಡ್ವಿ. ಇವರು ಗುತ್ತಲಕ್ಕ ಬರ್ತೇನಿ ಅಂದ್ರ ನಾನ ತಡದೆ, ಅವರಾಗೇ ಬರ್ಲಿ ಅಂತ. ಬರ್ದಿದ್ರ ಏನ ಮಾಡ್ತಿದ್ದೆ ನಾನು?" ದುರಗಪ್ಪನವರ ಹೆಂಡತಿ ಕಿಟಕಿಗೆ ಬಂದು ನಿಂತಳು. ಹುಡುಗಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಕೊನೆಗೆ, "ಹಿಡೀರಿ ಇದನ್ನ, ನಳಾ ಹೋಗತೈತಿ" ಎಂದು ತುಂಬಿದ ಕೊಡ ನನ್ನ ಕೈಗೆ ತುರುಕಿ, ಇನ್ನೊಂದು ತುಂಬಲು ಓಡಿದಳು.

ನಾನು ಚೀಲವನ್ನು ಹೆಗಲಲ್ಲಿಟ್ಟುಕೊಂಡೇ ಕೊಡ ಹೊತ್ತು ಒಳಗೆ ಹೋದೆ. ಸೀರೆಯೆಲ್ಲ ನೆಂದಿತು. ನಿಮ್ಮೀ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ, ಅತ್ತೆ, ಎರಡೂ ಆಯಿತು. ನನಗೆ ಬಹಳ ಸಂತೋಷವಾಯಿತು. ಬಂದ ಬೀಗರಿಗೆ ಯಾರಾದರೂ ಹೀಗೆ ಬೈಯುತ್ತಾರೆಯೇ?

ಚನ್ನೇಶ ಸಂಜೆ ಕೆಲಸದಿಂದ ಬಂದ. ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡ. ಮೂರನೇ ಇಯತ್ತೆಯ ನಂತರ ಅವನು ಹಾಗೆ ಹಿಡಿದದ್ದು ಇದೇ ಮೊದಲು. ಫಕ್ಕೀರೇಶನಿಗೆ ಮರುದಿನವೇ ಕಾರ್ಡ್ ಬರೆದೆ.

ಎಲ್ಲ ಸರಿಹೋಗಿದೆ ಎಂದು ತಿಳಿಯಬೇಡ. ಉಪ್ಪಿನ ಭರಣಿಯನ್ನು ನನ್ನ ಕೈಗೆ ನಿಲುಕದ ಮೇಲಿನ ಮಾಡದಲ್ಲಿ ಇಟ್ಟಿದ್ದಾಳೆ. ಐದು ದಿನವಾಯಿತು, ಮುಟ್ಟಿಲ್ಲ. ಬಹಳ ಕಷ್ಟವಾಗುತ್ತಿದೆ. ನಿನ್ನೆ ತಡೆಯಲಾರದೆ, "ಅದನ್ನ ಒಂದೀಟ ಕೆಳಗ ಇಡ್ತೀ ಏನವಾ?" ಎಂದು ಕೇಳಿದೆ. "ಆಗೂದಿಲ್ರೀ" ಎಂದಳು.

ನಿನ್ನ
ಹೊನ್ನಿ


ಹಾವೇರಿ
೧೬ ಜನವರಿ ೨೦೦೪

ನಿರ್ಮಲಾ ಕಾಕೂ ಅವರಿಗೆ ಮೀನಾಕ್ಷಿಯ ನಮಸ್ಕಾರಗಳು. ಸಂಕ್ರಾಂತಿಯ ಕುಸುರೆಳ್ಳು ಅತ್ತೆಯವರ ಕೈಯಲ್ಲಿ ಕಳಿಸುತ್ತೇನೆ.

ನೀವು ಕರೆದ ಪ್ರಕಾರ ಅವರನ್ನು ಸೋಮವಾರ ಹತ್ತರ ಬಸ್ಸಿಗೆ ಹತ್ತಿಸುತ್ತೇವೆ. ಈ ಸಲ ನಿಮ್ಮ ಅಡುಗೆಮನೆಯಲ್ಲಿ ಏನನ್ನೂ ಎತ್ತಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಕಾಕಾ ಅವರು ಮನೆಯಲ್ಲಿ ಆರಾಮವಾಗಿ ಹೇಗೆ ಬೇಕೋ ಹಾಗೆ ಕೂಡಬೇಕು ಎಂದು ನಿಮಗೆ ಬರೆಯಲು ಅತ್ತೆಯವರೇ ಹೇಳಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುರುವಾರ ಸಂಜೆ ಐದರ ಬಸ್ಸಿಗೆ ಅವರು ಹೊರಡಬೇಕು. ಬುಧವಾರ ನೀವಿಬ್ಬರೂ ಮಾತಾಡುತ್ತ ಕೂತಾಗ ಅವರು ಇನ್ನೆರಡು ದಿನ ಇರುತ್ತೇನೆ ಎನ್ನಬಹುದು. ಇಲ್ಲವೆ ನೀವೇ ಇರು ಎನ್ನಬಹುದು. ದಯವಿಟ್ಟು ಅನ್ನಬೇಡಿ. ಅವರು ಗುತ್ತಲದಲ್ಲಿದ್ದಾಗ ನಾನು ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಎರಡು ಲೋಟ ಚಹಾ ಮಾಡಿ, ಒಂದನ್ನು ಚೆಲ್ಲುತ್ತಿದ್ದೆ. ಇವರಿಗೂ ಅದನ್ನು ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅವರು ನನಗೆ ಅತ್ತೆಯಾಗುವ ಎಷ್ಟೋ ಮೊದಲಿನಿಂದ ನಿಮಗೆ ಗೆಳತಿ, ಗೊತ್ತು. ನಾನು ಸಣ್ಣವಳು, ಇಷ್ಟು ಸಲಿಗೆಯಿಂದ ಬರೆಯಬಾರದು. ಆದರೂ ಬರೆಯುತ್ತೇನೆ. ನಾಲ್ಕು ದಿನ ಇಟ್ಟುಕೊಳ್ಳಿ ಕಾಕೂ, ಐದನೆಯ ದಿನ ಅವರು ನಮಗೆ ಬೇಕು. ಕಳಿಸಿಬಿಡಿ.

ಇಂತಿ
ಮೀನಾಕ್ಷಿ